ಹೈಸ್ಪೀಡ್ ರೈಲೋ, ಚಾಲಕರಿಲ್ಲದ ವಿದ್ಯುತ್ ವಾಹನವೋ: ಒಂದು ಮಾರ್ಗದ ಲೆಕ್ಕವನ್ನು ನೀವೇ ಹಾಕುವ ಬಗೆ

ಅತಿವೇಗದ ರೈಲು ಮಾರ್ಗದ ಪ್ರಸ್ತಾಪ ಎಲ್ಲಿ ಬಂದರೂ ಅದರ ಬೆನ್ನಿಗೇ ಒಂದು ಆಕ್ಷೇಪ ಕೇಳಿಬರುತ್ತದೆ. ಇನ್ನು ಕೆಲವೇ ವರ್ಷಗಳಲ್ಲಿ ಕಾರುಗಳು ತಾವಾಗಿಯೇ ಓಡಲಿವೆ, ಅದೂ ವಿದ್ಯುತ್ತಿನಿಂದ, ಅದೂ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ. ಹೀಗಿರುವಾಗ ಹಳಿಗಾಗಿ ಇಷ್ಟು ಹಣ ಸುರಿಯುವುದೇಕೆ ಎಂಬುದು ಆ ಆಕ್ಷೇಪ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲೀಸ್ ನಡುವಿನ ರೈಲಿಗೆ ಕ್ಯಾಲಿಫೋರ್ನಿಯಾದ ಮತದಾರರು 2008ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಸುಮಾರು 3,300 ಕೋಟಿ ಡಾಲರ್ ಎಂದಿದ್ದ ಅಂದಾಜು ವೆಚ್ಚ 10,000 ಕೋಟಿ ಡಾಲರನ್ನೂ ದಾಟಿ ಹೋದಾಗ, ಈ ವಾದಕ್ಕೆ ಅಲ್ಲಿ ದೊಡ್ಡ ಬಲ ಬಂತು. ಈಗ ಅದು ನಮ್ಮಲ್ಲೂ ಕೇಳಿಸುತ್ತಿದೆ.

ಈ ವಾದವನ್ನು ನಂಬುವ ಅಗತ್ಯವೂ ಇಲ್ಲ, ತಳ್ಳಿಹಾಕುವ ಅಗತ್ಯವೂ ಇಲ್ಲ. ಲೆಕ್ಕ ಹಾಕಿ ನೋಡಬಹುದು. ಹೈಸ್ಕೂಲಿನ ಗಣಿತ, ಒಂದು ಭೂಪಟ ಮತ್ತು ಒಂದು ಸಂಜೆಯ ಬಿಡುವು ಇದ್ದರೆ ಸಾಕು. ಉದಾಹರಣೆಗೆ ನಾನು ಬೆಂಗಳೂರು–ಚೆನ್ನೈ ಮಾರ್ಗವನ್ನು ತೆಗೆದುಕೊಳ್ಳುತ್ತೇನೆ. ಇಲ್ಲಿ ಶತಾಬ್ದಿ, ವಂದೇ ಭಾರತ್‌ಗಳು ಓಡುವ ಸಾಮಾನ್ಯ ರೈಲು ಮಾರ್ಗವಿದೆ. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ 262 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್‌ವೇ ಯೋಜನೆಯಿದೆ; ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಸುಮಾರು 435 ಕಿ.ಮೀ. ಹೈಸ್ಪೀಡ್ ಮಾರ್ಗದ ಪ್ರಸ್ತಾಪವೂ ಇದೆ. ಹೋಲಿಕೆಗೆ ಬೇಕಾದ ಮೂರೂ ಒಂದೇ ಕಡೆ ಸಿಗುತ್ತವೆ.

ಮೊದಲು ವಾಹನ ಯಾವುದೆಂದು ಬರೆದುಕೊಳ್ಳಿ

ಚರ್ಚೆಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸುವ ಪದ್ಧತಿಯಿದೆ. ಎರಡನೆಯ ಹಂತದಲ್ಲಿ ಸ್ಟೀರಿಂಗ್ ಮತ್ತು ವೇಗವನ್ನು ಯಂತ್ರ ನೋಡಿಕೊಂಡರೂ ಮನುಷ್ಯನ ಕಣ್ಣು ರಸ್ತೆಯ ಮೇಲೆಯೇ ಇರಬೇಕು. ಮೂರನೆಯದರಲ್ಲಿ ಯಂತ್ರ ಕರೆದಾಗ ಮನುಷ್ಯ ಚಾಲನೆಯನ್ನು ವಹಿಸಿಕೊಳ್ಳಬೇಕು. ನಾಲ್ಕನೆಯದರಲ್ಲಿ ಮಾತ್ರ ಗೊತ್ತುಪಡಿಸಿದ ಪ್ರದೇಶದೊಳಗೆ ಚಾಲಕನ ಅಗತ್ಯವೇ ಇರುವುದಿಲ್ಲ. ರೈಲಿಗೆ ಪರ್ಯಾಯ ಎನಿಸಿಕೊಳ್ಳಬೇಕಾದರೆ ವಾಹನ ಕನಿಷ್ಠ ನಾಲ್ಕನೆಯ ಹಂತದ್ದಾಗಿರಬೇಕು, ಏಕೆಂದರೆ ಪ್ರಯಾಣಿಕ ನಿದ್ರೆ ಮಾಡಲಾಗದ, ಕೆಲಸ ಮಾಡಲಾಗದ ವಾಹನ ಇಂದಿನ ಕಾರಿಗಿಂತ ಹೆಚ್ಚೇನಲ್ಲ.

ಅಂಥ ವಾಹನಗಳು ಇವೆ. ವೇಮೊ ಸಂಸ್ಥೆಯ ಚಾಲಕರಹಿತ ಟ್ಯಾಕ್ಸಿಗಳು ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ನಗರಗಳಲ್ಲಿ ಸಾರ್ವಜನಿಕರನ್ನು ಕರೆದೊಯ್ಯುತ್ತಿವೆ. ಆ ನಗರಗಳ ಹೆದ್ದಾರಿಗಳಲ್ಲಿ ಸಾರ್ವಜನಿಕರಿಗೆ ಆ ಸೇವೆ ಆರಂಭವಾದದ್ದು 2025ರ ನವೆಂಬರ್‌ನಲ್ಲಿ. ವೇಗದ ಮಿತಿಯನ್ನೂ ಇಲ್ಲಿಯೇ ಗುರುತು ಹಾಕಿಕೊಳ್ಳಿ. ಪಥದೊಳಗೆ ತಾನಾಗಿ ಸಾಗುವ ವಾಹನಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 157ನೇ ನಿಯಮ ಮೊದಲು ಗಂಟೆಗೆ 60 ಕಿ.ಮೀ. ಮಿತಿ ಹಾಕಿತ್ತು, 2023ರ ಜನವರಿಯಿಂದ ಅದು 130ಕ್ಕೆ ಏರಿತು. ನಮ್ಮಲ್ಲಿ 2018ರ ಅಧಿಸೂಚನೆಯಂತೆ ಎಕ್ಸ್‌ಪ್ರೆಸ್‌ವೇ ಮೇಲೆ ಕಾರಿಗೆ 120, ಬಸ್ಸಿಗೆ 100 ಕಿ.ಮೀ. ಗರಿಷ್ಠ. ಯಾರಾದರೂ 200 ಕಿ.ಮೀ. ವೇಗದ ಚಾಲಕರಹಿತ ಕಾರನ್ನು ನಿಮ್ಮ ಮುಂದಿಟ್ಟರೆ, ಅದನ್ನು 2040ರ ವಾಹನವೆಂದು ಬರೆದುಕೊಂಡು 2040ರ ರೈಲಿನೊಂದಿಗೇ ಹೋಲಿಸಿ. ನಾಳಿನ ಕಾರನ್ನು ನಿನ್ನೆಯ ರೈಲಿನ ಪಕ್ಕದಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು

ರೈಲಿಗೆ ಸರಾಸರಿ ವೇಗವನ್ನೇ ಹಿಡಿಯಿರಿ, ಗರಿಷ್ಠ ವೇಗವನ್ನಲ್ಲ. ಜಪಾನಿನ ಟೋಕಿಯೊ–ಶಿನ್ ಒಸಾಕಾ ನಡುವಿನ 515 ಕಿ.ಮೀ. ದೂರವನ್ನು ಅತಿ ವೇಗದ ನೊಝೊಮಿ ರೈಲು 2 ಗಂಟೆ 21 ನಿಮಿಷದಲ್ಲಿ ಕ್ರಮಿಸುತ್ತದೆ. ಸರಾಸರಿ ಗಂಟೆಗೆ ಸುಮಾರು 220 ಕಿ.ಮೀ. ಅದನ್ನೇ ಇಲ್ಲಿಗೂ ಅನ್ವಯಿಸೋಣ. ಬೆಂಗಳೂರು–ಚೆನ್ನೈ ಭಾಗ 310 ಕಿ.ಮೀ. ಎಂದಿಟ್ಟುಕೊಂಡರೆ ರೈಲಿನೊಳಗಿನ ಹೊತ್ತು 1 ಗಂಟೆ 25 ನಿಮಿಷ. ಮನೆಯಿಂದ ನಿಲ್ದಾಣಕ್ಕೆ 45 ನಿಮಿಷ, ಕಾಯಲು 15, ಅತ್ತ ಇಳಿದ ಮೇಲೆ ಮತ್ತೆ 45 ಸೇರಿಸಿ. ಒಟ್ಟು 3 ಗಂಟೆ 10 ನಿಮಿಷ.

ಕಾರಿಗೆ ಎಕ್ಸ್‌ಪ್ರೆಸ್‌ವೇಯ 262 ಕಿ.ಮೀ. ದೂರವನ್ನು ಗಂಟೆಗೆ 100ರ ಸರಾಸರಿಯಲ್ಲಿ ಹಿಡಿದರೆ 2 ಗಂಟೆ 37 ನಿಮಿಷ. ಇಲ್ಲಿಗೇ ನಿಲ್ಲಿಸಿ ಕಾರು ಗೆದ್ದಿತೆಂದು ಹೇಳುವವರು ಬಹಳ. ಆದರೆ ಹೊಸಕೋಟೆ ಬೆಂಗಳೂರಲ್ಲ, ಶ್ರೀಪೆರಂಬುದೂರು ಚೆನ್ನೈ ಅಲ್ಲ. ಆ ಎರಡು ಊರುಗಳಿಂದ ನಗರಗಳ ಮಧ್ಯಕ್ಕೆ ಸುಮಾರು 27 ಮತ್ತು 40 ಕಿ.ಮೀ. ಉಳಿಯುತ್ತದೆ. ಈ 67 ಕಿ.ಮೀ. ದೂರವನ್ನು ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 25ರ ವೇಗದಲ್ಲಿ ದಾಟಿದರೆ 2 ಗಂಟೆ 41 ನಿಮಿಷ ಬೇಕು. ಮೂರು ರಾಜ್ಯಗಳನ್ನು ಹಾಯುವ ಎಕ್ಸ್‌ಪ್ರೆಸ್‌ವೇಗೆ ತಗಲುವಷ್ಟೇ ಹೊತ್ತು ಎರಡು ಊರುಗಳ ಬಾಗಿಲಲ್ಲೇ ಕಳೆದುಹೋಗುತ್ತದೆ! ಒಟ್ಟು 5 ಗಂಟೆ 18 ನಿಮಿಷ. ಚಾರ್ಜಿಂಗ್‌ಗೆ ನಿಲ್ಲುವ ಇಪ್ಪತ್ತು ನಿಮಿಷ ಬೇರೆ.

ಈಗ ಒಂದೊಂದೇ ಸಂಖ್ಯೆಯನ್ನು ಬದಲಿಸಿ ನೋಡಿ, ಈ ಇಡೀ ಕೆಲಸದ ತಿರುಳು ಇರುವುದೇ ಇದರಲ್ಲಿ. ಎಕ್ಸ್‌ಪ್ರೆಸ್‌ವೇ ಮೇಲಿನ ವೇಗವನ್ನು 100ರಿಂದ 160ಕ್ಕೆ ಏರಿಸಿದರೆ ಉಳಿಯುವುದು 59 ನಿಮಿಷ. ನಗರದೊಳಗಿನ ವೇಗವನ್ನು 25ರಿಂದ 50ಕ್ಕೆ ಏರಿಸಿದರೆ ಉಳಿಯುವುದು 80 ನಿಮಿಷ. ವಾಹನ ಎಷ್ಟೇ ಜಾಣವಾದರೂ ಕೆ.ಆರ್. ಪುರದ ಬಳಿ ಮುಂದಿರುವ ಲಾರಿಯ ಹಿಂದೆಯೇ ನಿಲ್ಲಬೇಕಾಗುತ್ತದೆ.

ಕಾರಿನ ಪಕ್ಷವನ್ನೂ ಪ್ರಾಮಾಣಿಕವಾಗಿ ನೋಡಬೇಕು. ವೈಟ್‌ಫೀಲ್ಡ್‌ನಲ್ಲಿ ಮನೆಯಿದ್ದು ಶ್ರೀಪೆರಂಬುದೂರಿನ ಕಾರ್ಖಾನೆಯಲ್ಲಿ ಕೆಲಸವಿರುವವರಿಗೆ ನಗರದ ಮಧ್ಯಭಾಗವೇ ಬೇಡ. ಅವರು ಮೂರೂಕಾಲು ಗಂಟೆಯೊಳಗೆ ತಲುಪಿಬಿಡಬಹುದು, ರೈಲಿನ ಲೆಕ್ಕ ಅವರಿಗೆ ತಿರುವುಮುರುವಾಗುತ್ತದೆ. ಆದ್ದರಿಂದ ಒಬ್ಬ ಕಲ್ಪಿತ ಪ್ರಯಾಣಿಕನನ್ನಲ್ಲ, ಕನಿಷ್ಠ ನಾಲ್ಕೈದು ಜೋಡಿ ಬಾಗಿಲುಗಳನ್ನು ಆಯ್ದು ಲೆಕ್ಕ ಹಾಕಿ.

ದೂರದ ಬಗ್ಗೆ ಬೇಗನೆ ಒಂದು ಅಂದಾಜು ಬೇಕೆನಿಸಿದರೆ ಹೀಗೆ ಮಾಡಿ. ಕಾರು ಗಂಟೆಗೆ 100, ರೈಲು 220 ಕಿ.ಮೀ. ಸಾಗುತ್ತವೆ, ರೈಲಿಗೆ ನಿಲ್ದಾಣದ ಓಡಾಟದಿಂದ ಒಂದೂವರೆ ಗಂಟೆ ಹೆಚ್ಚುವರಿಯಾಗಿ ತಗಲುತ್ತದೆ ಎಂದಾದರೆ, ಎರಡೂ ಸಮವಾಗುವ ದೂರ 275 ಕಿ.ಮೀ. ಹೆಚ್ಚುವರಿ ಹೊತ್ತು ಒಂದೇ ಗಂಟೆಯಾದರೆ ಅದು 183ಕ್ಕೆ ಇಳಿಯುತ್ತದೆ, ಎರಡು ಗಂಟೆಯಾದರೆ 367ಕ್ಕೆ ಏರುತ್ತದೆ. ನಿಲ್ದಾಣವನ್ನು ಊರ ಹೊರಗೆ, ಮೆಟ್ರೊ ಇಲ್ಲದ ಕಡೆ ಕಟ್ಟಿದರೆ ಹೈಸ್ಪೀಡ್ ರೈಲು ತನ್ನ ಅರ್ಧ ಬಲವನ್ನು ಕಟ್ಟುವ ಮೊದಲೇ ಕಳೆದುಕೊಳ್ಳುತ್ತದೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಬೆಂಗಳೂರು–ಮೈಸೂರು ಮಾತ್ರದ ಪ್ರಯಾಣಕ್ಕೆ, ಅದು 150 ಕಿ.ಮೀ.ಗಿಂತ ಕಡಿಮೆಯಾದ್ದರಿಂದ, ಬುಲೆಟ್ ರೈಲಿನ ವಾದ ನಿಲ್ಲುವುದಿಲ್ಲ. ಚೆನ್ನೈ–ಮೈಸೂರು ನೇರ ಪ್ರಯಾಣಕ್ಕೆ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಗಂಟೆಗೆ ಎಷ್ಟು ಜನ

ಸಮಯದ ಲೆಕ್ಕಕ್ಕಿಂತ ಇದು ಮುಖ್ಯ. ಇಲ್ಲಿ ಆತುರ ಪಡಬೇಡಿ.

ಒಂದು ದಿಕ್ಕಿನಲ್ಲಿ ದಿನಕ್ಕೆ ಎಷ್ಟು ಜನ ಹೋಗುತ್ತಾರೆಂದು ಮೊದಲು ಅಂದಾಜಿಸಿ. ರೈಲು, ಬಸ್ಸು, ವಿಮಾನಗಳ ವೇಳಾಪಟ್ಟಿಯಿಂದ ಆಸನಗಳನ್ನು ಕೂಡಿಸಿ, ಟೋಲ್ ಗೇಟಿನ ವಾಹನ ಸಂಖ್ಯೆ ಸಿಕ್ಕರೆ ಅದನ್ನೂ ಸೇರಿಸಿ. ಅತಿ ದಟ್ಟಣೆಯ ಗಂಟೆಯಲ್ಲಿ ದಿನದ ಹತ್ತನೇ ಒಂದು ಭಾಗ ಸಾಗುತ್ತದೆಂಬುದು ಸಾರಿಗೆ ಎಂಜಿನಿಯರುಗಳು ಬಳಸುವ ಒರಟು ಅಳತೆ. ಮುಂದಿನ ಲೆಕ್ಕಕ್ಕಾಗಿ ದಿನಕ್ಕೆ 40,000 ಜನ, ದಟ್ಟಣೆಯ ಗಂಟೆಗೆ 4,000 ಜನ ಎಂದು ಹಿಡಿಯುತ್ತೇನೆ. ಇದು ಊಹೆಯಷ್ಟೇ, ನಿಮ್ಮ ಸಂಖ್ಯೆಯನ್ನು ಇಲ್ಲಿ ಹಾಕಿ.

ಹೆದ್ದಾರಿಯ ಒಂದು ಪಥದಲ್ಲಿ ಮನುಷ್ಯರು ಓಡಿಸುವ ಕಾರುಗಳು ಗಂಟೆಗೆ ಸುಮಾರು 2,000 ಸಾಗಬಲ್ಲವು. ರಸ್ತೆ ಅತ್ಯುತ್ತಮವಾಗಿದ್ದರೆ 2,400. ಸ್ವಯಂಚಾಲಿತ ಕಾರುಗಳು ಒತ್ತೊತ್ತಾಗಿ ಸಾಗಬಲ್ಲವು ಎನ್ನುವುದು ಪರ್ಯಾಯವಾದಿಗಳ ಮುಖ್ಯ ಆಧಾರ. ಲೆಕ್ಕ ಹಾಕೋಣ. ಗಂಟೆಗೆ 120 ಕಿ.ಮೀ. ಎಂದರೆ ಸೆಕೆಂಡಿಗೆ 33.3 ಮೀಟರ್. ಎರಡು ಕಾರುಗಳ ನಡುವೆ ಅರ್ಧ ಸೆಕೆಂಡಿನ ಅಂತರವಿಟ್ಟರೆ 16.7 ಮೀಟರ್, ಕಾರಿನ ಉದ್ದ 5 ಮೀಟರ್. ಗಂಟೆಗೆ ಸುಮಾರು 5,500 ಕಾರುಗಳು ಸಾಗುತ್ತವೆ. ನೋಡಲು ಬಹಳ ಚೆನ್ನಾದ ಸಂಖ್ಯೆ. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿದೆ: ಮುಂದಿನ ಕಾರು ಎಂದೂ ಇದ್ದಕ್ಕಿದ್ದಂತೆ ನಿಂತುಬಿಡುವುದಿಲ್ಲ, ಅದೂ ನಮ್ಮಂತೆಯೇ ಬ್ರೇಕ್ ಹಾಕುತ್ತ ನಿಧಾನವಾಗುತ್ತದೆ ಎಂಬ ನಂಬಿಕೆ. ರೈಲ್ವೆ ಸಿಗ್ನಲ್ ವ್ಯವಸ್ಥೆ ಅಂಥ ನಂಬಿಕೆಯ ಮೇಲೆ ನಿಂತಿಲ್ಲ. ಮುಂದೆ ಗೋಡೆಯೇ ಎದ್ದು ನಿಂತರೂ ಹಿಂದಿನ ರೈಲು ಪೂರ್ತಿ ನಿಲ್ಲುವಷ್ಟು ಜಾಗ ಬಿಡುವುದು ಅದರ ತತ್ತ್ವ. ಅದೇ ತತ್ತ್ವವನ್ನು ಕಾರಿಗೆ ಅನ್ವಯಿಸಿ ನೋಡಿ. ಒಣ ರಸ್ತೆಯಲ್ಲಿ 120ರ ವೇಗದಿಂದ ನಿಲ್ಲಲು ಸುಮಾರು 79 ಮೀಟರ್ ಬೇಕು. ಅರ್ಧ ಸೆಕೆಂಡಿನ ವಿಳಂಬವನ್ನೂ ಕಾರಿನ ಉದ್ದವನ್ನೂ ಸೇರಿಸಿದರೆ 101 ಮೀಟರ್. ಆಗ ಗಂಟೆಗೆ ಸಾಗುವ ಕಾರುಗಳು 1,200 ಮಾತ್ರ. ಮಳೆಯಲ್ಲಿ ಅದಕ್ಕಿಂತ ಕಡಿಮೆ. ಒಂದೇ ಪಥ, ಒಂದೇ ಕಾರು. ಸುರಕ್ಷತೆಯ ತತ್ತ್ವ ಬದಲಾದೊಡನೆ ಉತ್ತರ 5,500ರಿಂದ 1,200ಕ್ಕೆ ಇಳಿಯಿತು. ಯಾವುದೇ ವರದಿಯಲ್ಲಿ ಪಥದ ಸಾಮರ್ಥ್ಯದ ಸಂಖ್ಯೆ ಕಂಡಾಗ ಅದು ಈ ಎರಡರಲ್ಲಿ ಯಾವ ತತ್ತ್ವದಿಂದ ಬಂತೆಂದು ಕೇಳುವುದನ್ನು ಮರೆಯಬೇಡಿ.

ನಮ್ಮ 4,000 ಜನಕ್ಕೆ ಮರಳೋಣ. ಕಾರಿಗೆ ಸರಾಸರಿ ಒಂದೂವರೆ ಜನ ಎಂದರೆ 2,667 ಕಾರುಗಳು ಬೇಕು. ಒಂದು ದಿಕ್ಕಿಗೆ ಎರಡೇ ಪಥಗಳಿರುವ ಎಕ್ಸ್‌ಪ್ರೆಸ್‌ವೇಯಲ್ಲಿ, ಲಾರಿಗಳಿಗೂ ಜಾಗ ಬಿಡಬೇಕಾದ ಕಡೆ, ಇವಿಷ್ಟೇ ಒಂದು ಪಥವನ್ನು ತುಂಬಿ ಪಕ್ಕದ ಪಥಕ್ಕೂ ಚೆಲ್ಲುತ್ತವೆ. ಹೊಸಕೋಟೆಯಿಂದ ಒಳಗೆ ಅವು ಎಲ್ಲಿಗೆ ಹೋಗಬೇಕು? ಪ್ರಯಾಣಿಕರನ್ನು ಇಳಿಸಿದ ಮೇಲೆ ನಿಲ್ಲಿಸಲು ಜಾಗ ಹುಡುಕುತ್ತ ಖಾಲಿಯಾಗಿ ಸುತ್ತುವ ಕಾರುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಅದೇ 4,000 ಜನಕ್ಕೆ ಸಾವಿರ ಪ್ರಯಾಣಿಕರ ರೈಲುಗಳಾದರೆ ನಾಲ್ಕು ಸಾಕು. ಮೇಲೆ ಹೇಳಿದ ಟೋಕಿಯೊ–ಶಿನ್ ಒಸಾಕಾ ನಡುವಿನ ಟೋಕೈಡೊ ಮಾರ್ಗದಲ್ಲಿ 1,323 ಆಸನಗಳ ರೈಲುಗಳು ದಟ್ಟಣೆಯ ಹೊತ್ತಿನಲ್ಲಿ ಒಂದು ದಿಕ್ಕಿಗೆ ಗಂಟೆಗೆ 17ರವರೆಗೆ ಓಡುತ್ತವೆ, ಅಂದರೆ ಸುಮಾರು 22,500 ಆಸನಗಳು.

ಆದರೆ 40 ಜನರ ಬಸ್ಸುಗಳಾದರೆ? ನೂರು ಬಸ್ಸು, 36 ಸೆಕೆಂಡಿಗೆ ಒಂದು. ಪಥ ಖಾಲಿಖಾಲಿಯಾಗಿ ಕಾಣುತ್ತದೆ. ರಸ್ತೆಗೆ ಇಷ್ಟು ಸಾಮರ್ಥ್ಯವಿರುವುದು ಹೊಸ ಸಂಗತಿಯಲ್ಲ. ನ್ಯೂಜೆರ್ಸಿಯಿಂದ ಲಿಂಕನ್ ಸುರಂಗದ ಮೂಲಕ ನ್ಯೂಯಾರ್ಕಿಗೆ ಹೋಗುವ, 1970ರಲ್ಲಿ ಆರಂಭವಾದ ಸುಮಾರು 4 ಕಿ.ಮೀ. ಉದ್ದದ ಬಸ್ ಪಥದಲ್ಲಿ ಬೆಳಗಿನ ನಾಲ್ಕು ಗಂಟೆಗಳಲ್ಲಿ 1,800ಕ್ಕೂ ಹೆಚ್ಚು ಬಸ್ಸುಗಳು ಸುಮಾರು 70,000 ಜನರನ್ನು ಸಾಗಿಸುವುದು ವಾಡಿಕೆಯಾಗಿತ್ತು. ಅದೂ ಮನುಷ್ಯ ಚಾಲಕರೊಂದಿಗೆ. ಅಲ್ಲಿ ಬಿಗಿಯಾಗಿರುವುದು ಪಥವಲ್ಲ, ಬಸ್ಸುಗಳು ನಿಲ್ಲುವ ಟರ್ಮಿನಲ್. ಅದಕ್ಕೆ ಇನ್ನೂರಕ್ಕೂ ಹೆಚ್ಚು ದ್ವಾರಗಳಿವೆ. ರೈಲಿಗೆ ನಿಜವಾದ ಪರ್ಯಾಯವನ್ನು ಹುಡುಕುವವರು ಖಾಸಗಿ ಕಾರನ್ನು ಬಿಟ್ಟು ಮೀಸಲು ಪಥದ ವಿದ್ಯುತ್ ಬಸ್ಸಿನತ್ತ ನೋಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ವಿದ್ಯುತ್ತು

ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಈ ಒಂದು ಸೂತ್ರದಿಂದ ಎಲ್ಲವೂ ಹೊರಡುತ್ತದೆ. 1,800 ಕಿಲೊ ತೂಕದ ಸಾಮಾನ್ಯ ಆಕಾರದ ಕಾರೊಂದಕ್ಕೆ ಗಾಳಿಯ ತಡೆ ಮತ್ತು ಚಕ್ರಗಳ ಘರ್ಷಣೆ ಎರಡನ್ನೂ ಕೂಡಿಸಿದಾಗ ನನಗೆ ಬಂದ ಉತ್ತರ ಇದು: 100ರ ವೇಗದಲ್ಲಿ ಕಿ.ಮೀ.ಗೆ 0.15 ಯೂನಿಟ್, 120ರಲ್ಲಿ 0.19, 160ರಲ್ಲಿ 0.29, 200ರಲ್ಲಿ 0.42. ಅಂದರೆ 60 ಯೂನಿಟ್ ಬ್ಯಾಟರಿಯ ಕಾರು 120ರ ವೇಗದಲ್ಲಿ ಸುಮಾರು 320 ಕಿ.ಮೀ. ಹೋಗುತ್ತದೆ, 200ರ ವೇಗದಲ್ಲಿ 143 ಕಿ.ಮೀ.ಗೇ ನಿಲ್ಲುತ್ತದೆ. ರೈಲಿನ ವೇಗವನ್ನು ರಸ್ತೆಗೆ ತರುವ ಆಸೆಗೆ ಕಾನೂನಿಗಿಂತ ದೊಡ್ಡ ಅಡ್ಡಿ ಗಾಳಿಯೇ.

ಹೈಸ್ಪೀಡ್ ರೈಲಿಗೆ ಒಂದು ಆಸನಕ್ಕೆ, ಒಂದು ಕಿ.ಮೀ.ಗೆ 0.03ರಿಂದ 0.05 ಯೂನಿಟ್ ಹಿಡಿಯಬಹುದು. ಅರವತ್ತು ಶೇಕಡಾ ಆಸನಗಳು ತುಂಬಿದರೆ ಪ್ರಯಾಣಿಕನಿಗೆ 0.05ರಿಂದ 0.08. ಒಂದೂವರೆ ಜನರಿರುವ ಕಾರಿನಲ್ಲಿ ಅದು 0.125, ನಾಲ್ವರು ಕೂತರೆ 0.05ಕ್ಕಿಂತ ಕಡಿಮೆ. ಹೀಗಾಗಿ ತುಂಬಿದ ಕಾರು ಅರೆ ತುಂಬಿದ ರೈಲಿಗೆ ಸಮ. ಇಲ್ಲಿ ನಿರ್ಧರಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಎಷ್ಟು ಜನ ಕೂತಿದ್ದಾರೆ ಎಂಬುದು.

ಚಾರ್ಜಿಂಗ್ ವಿಷಯದಲ್ಲಿ ಗುಣಾಕಾರವೊಂದನ್ನು ಮಾಡಿಟ್ಟುಕೊಳ್ಳಿ. 262 ಕಿ.ಮೀ.ಗೆ ಕಾರಿಗೆ ಸುಮಾರು 49 ಯೂನಿಟ್ ಬೇಕು. ಗಂಟೆಗೆ 2,667 ಕಾರುಗಳೆಂದರೆ ಒಂದು ದಿಕ್ಕಿಗೇ ಸುಮಾರು 130 ಮೆಗಾವಾಟ್. ಮುಳಬಾಗಿಲು, ಚಿತ್ತೂರು, ರಾಣಿಪೇಟೆಗಳ ಸುತ್ತಲಿನ ಉಪಕೇಂದ್ರಗಳಿಗೆ ಇದು ಸಣ್ಣ ಹೊರೆಯಲ್ಲ.

ಹಣ

ಈ ಭಾಗದಲ್ಲಿ ರೈಲಿನ ಪಕ್ಷಪಾತಿಗಳು ಪ್ರಾಮಾಣಿಕರಾಗಿರಬೇಕು. ಮುಂಬೈ–ಅಹಮದಾಬಾದ್ ಮಾರ್ಗದ 508 ಕಿ.ಮೀ.ಗೆ ಆರಂಭದಲ್ಲಿ ಮಂಜೂರಾದ ಅಂದಾಜು ಸುಮಾರು 1.08 ಲಕ್ಷ ಕೋಟಿ ರೂಪಾಯಿ, ಅಂದರೆ ಕಿ.ಮೀ.ಗೆ 213 ಕೋಟಿ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ 2022ರ ಮೇ ತಿಂಗಳ ಶಂಕುಸ್ಥಾಪನೆಯ ಹೊತ್ತಿಗೆ ಹೇಳಿದ್ದು 14,870 ಕೋಟಿ, ಅಂದರೆ ಕಿ.ಮೀ.ಗೆ ಸುಮಾರು 57 ಕೋಟಿ. ಹಳಿಗೆ ನಾಲ್ಕು ಪಟ್ಟು ಬೇಕು. ಭೂಮಿ ಮಾತ್ರ ಹಳಿಗೆ ಕಡಿಮೆ ಸಾಕು: ಮುಂಬೈ–ಅಹಮದಾಬಾದ್ ಮಾರ್ಗದ ಅಗಲ 17.5 ಮೀಟರ್, ದೊಡ್ಡ ಎಕ್ಸ್‌ಪ್ರೆಸ್‌ವೇಗಳಿಗೆ 90 ಮೀಟರ್ ಆಸುಪಾಸು.

ವಾಹನಗಳ ಬೆಲೆಯನ್ನು ಸೇರಿಸದೆ ಹೋಲಿಕೆ ಪೂರ್ತಿಯಾಗದು. ದಟ್ಟಣೆ ಮೂರು ಗಂಟೆ ಮುಂದುವರಿದರೆ ಮೊದಲು ಹೊರಟ ಕಾರು ಇನ್ನೂ ದಾರಿಯಲ್ಲೇ ಇರುತ್ತದೆ, ಆದ್ದರಿಂದ ಎರಡೂ ದಿಕ್ಕಿಗೆ ಸೇರಿ 16,000 ಕಾರುಗಳು ಬೇಕು; ತಲಾ 25 ಲಕ್ಷವೆಂದರೆ 4,000 ಕೋಟಿ. ಬಸ್ಸುಗಳು 600, ತಲಾ 2 ಕೋಟಿಯೆಂದರೂ 1,200 ಕೋಟಿ. ರೈಲುಗಳು ಹೋಗಿ ಬರಲು ಮೂರೂವರೆ ಗಂಟೆ ಹಿಡಿದರೆ 14 ಸಾಕು. ಅವುಗಳ ಬೆಲೆಗೆ ನಮ್ಮ ಬೆಂಗಳೂರಿನದೇ ಒಂದು ಆಧಾರವಿದೆ: 2024ರಲ್ಲಿ ಬೆಮೆಲ್ ಸಂಸ್ಥೆಗೆ ಎಂಟೆಂಟು ಬೋಗಿಗಳ ಎರಡು ಅತಿವೇಗದ ರೈಲುಗಳನ್ನು ವಿನ್ಯಾಸಗೊಳಿಸಿ ಕಟ್ಟುವ ಗುತ್ತಿಗೆ ಸಿಕ್ಕಿತು, ಬೋಗಿಯೊಂದಕ್ಕೆ 27.86 ಕೋಟಿ. ಆ ದರದಲ್ಲಿ 16 ಬೋಗಿಗಳ 14 ರೈಲುಗಳಿಗೆ ಸುಮಾರು 6,240 ಕೋಟಿ. ರೈಲು ಮೂವತ್ತು ವರ್ಷ ಬಾಳುತ್ತದೆ, ಹಗಲಿರುಳು ಓಡುವ ಕಾರನ್ನು ಆ ಅವಧಿಯಲ್ಲಿ ಮೂರು ಸಲವಾದರೂ ಕೊಳ್ಳಬೇಕು. ಹಾಗೆ ನೋಡಿದರೆ ಕಾರುಗಳೇ ದುಬಾರಿ. ಆದರೂ ಬಸ್ಸಿನ ಲೆಕ್ಕದ ಹತ್ತಿರ ಇವೆರಡೂ ಸುಳಿಯುವುದಿಲ್ಲ. ಬಸ್ಸು ಸೋಲುವುದು ಸಮಯದಲ್ಲಿ ಮಾತ್ರ: ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆಗೆ ಮರಳುವುದು ರೈಲಿನಿಂದ ಸಲೀಸು, ಬಸ್ಸಿನಿಂದ ಬಹುತೇಕ ಅಸಾಧ್ಯ.

ಜೀವ

ಜಪಾನಿನ ಅತಿವೇಗದ ರೈಲು ಜಾಲವಾದ ಶಿಂಕಾನ್ಸೆನ್ 1964ರ ಅಕ್ಟೋಬರ್ 1ರಂದು ಆರಂಭವಾದಂದಿನಿಂದ ಹಳಿ ತಪ್ಪಿಯೋ ಡಿಕ್ಕಿಯಾಗಿಯೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಭಾರತದ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1,68,491 ಮಂದಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು 2023ರ ಆಗಸ್ಟ್‌ನಿಂದ ಹೊರಗಿಡಬೇಕಾಗಿ ಬಂದದ್ದು ನಮಗೆಲ್ಲ ನೆನಪಿದೆ. ಒಳ್ಳೆಯ ಸ್ವಯಂಚಾಲನೆ ಈ ಸಾವುಗಳನ್ನು ತಗ್ಗಿಸಬಹುದು, ಮತ್ತು ಅದಕ್ಕಾಗಿಯೇ ಅದು ಬೇಗ ಬರಲೆಂದು ನಾನು ಮನಸಾರೆ ಬಯಸುತ್ತೇನೆ. ಆದರೆ ಹೋಲಿಸುವಾಗ ಅದನ್ನು ಮನುಷ್ಯ ಚಾಲಕನಿಗಿಂತ ಮೇಲು ಎಂದಷ್ಟಕ್ಕೇ ಬಿಡಬಾರದು. ರೈಲಿನ ಬದಲಿಗೆ ಬರುವ ವಾಹನವನ್ನು ರೈಲಿನ ಸುರಕ್ಷತೆಯೊಂದಿಗೇ ತೂಗಬೇಕು. ಪಥದ ಗೆರೆ ಅಳಿಸಿದ ಕಡೆ, ಎದುರು ದಿಕ್ಕಿನಿಂದ ಬೈಕು ಬರುವ ಕಡೆ, ಹಸು ಅಡ್ಡ ಬರುವ ಕಡೆ ಓಡಿ ತೋರಿಸಿದ ದಾಖಲೆಯನ್ನು ಕೇಳಿ. ಅಗಲವಾದ, ಒಣಗಿದ ಫೀನಿಕ್ಸ್ ಬೀದಿಗಳ ದಾಖಲೆ ಇಲ್ಲಿಗೆ ನೇರವಾಗಿ ಅನ್ವಯವಾಗುವುದಿಲ್ಲ.

ಉತ್ತರವನ್ನು ಬರೆಯುವ ಕ್ರಮ

ಮೇಲಿನ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದೊಂದನ್ನೂ ಅರ್ಧಕ್ಕೆ ಇಳಿಸಿ, ಮತ್ತೆ ಎರಡರಷ್ಟಕ್ಕೆ ಏರಿಸಿ ನೋಡಿ. ಯಾವ ಸಂಖ್ಯೆ ಬದಲಾದಾಗ ಉತ್ತರವೇ ಬದಲಾಗುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ. ಬೆಂಗಳೂರು–ಚೆನ್ನೈಗೆ ನನಗೆ ಹಾಗೆ ಸಿಕ್ಕಿದ್ದು ಎರಡು: ದಟ್ಟಣೆಯ ಗಂಟೆಯ ಪ್ರಯಾಣಿಕರ ಸಂಖ್ಯೆ ಮತ್ತು ಮನೆಯಿಂದ ನಿಲ್ದಾಣಕ್ಕೆ ತಗಲುವ ಹೊತ್ತು. ಬ್ಯಾಟರಿಯ ಗಾತ್ರವೋ ಸಾಫ್ಟ್‌ವೇರಿನ ಜಾಣತನವೋ ಉತ್ತರವನ್ನು ಅಷ್ಟಾಗಿ ಅಲುಗಿಸಲಿಲ್ಲ. ಗಂಟೆಗೆ ಎರಡು ಸಾವಿರ ಜನಕ್ಕಿಂತ ಕಡಿಮೆಯಿದ್ದರೆ ಮೀಸಲು ಪಥದ ವಿದ್ಯುತ್ ಬಸ್ಸು ಮತ್ತು ಈಗಿರುವ ರೈಲು ಮಾರ್ಗದ ಸುಧಾರಣೆ ಸಾಕೆಂಬುದು ನನ್ನ ತೀರ್ಮಾನ. ಐದು ಸಾವಿರ ದಾಟುವ ಲಕ್ಷಣವಿದ್ದರೆ, ನಿಲ್ದಾಣಕ್ಕೆ ಮೆಟ್ರೊ ತಲುಪುವುದಾದರೆ, ಹೈಸ್ಪೀಡ್ ಹಳಿಯೇ ಬೇಕು. ಆ ಎರಡರ ನಡುವೆ ನಿಜವಾದ ಚರ್ಚೆಯಿದೆ. ವಿಸ್ತೃತ ಯೋಜನಾ ವರದಿಯೊಂದು ನಿಮ್ಮ ಕೈಗೆ ಬಂದಾಗ ಮೊದಲು ತೆರೆಯಬೇಕಾದದ್ದು ಈ ಎರಡು ಸಂಖ್ಯೆಗಳಿರುವ ಪುಟವನ್ನು. ಅಲ್ಲಿ ಬರೆದ ನಿಲ್ದಾಣಕ್ಕೆ ನಿಮ್ಮ ಮನೆಯಿಂದ ಒಂದು ಸೋಮವಾರದ ಬೆಳಿಗ್ಗೆ ಎಂಟಕ್ಕೆ ಹೊರಟು, ಎಷ್ಟು ನಿಮಿಷ ಹಿಡಿಯಿತೆಂದು ಆ ಪುಟದ ಅಂಚಿನಲ್ಲಿ ಬರೆದಿಡಿ.